ಗುರುತಿಲ್ಲದ ಹಣ್ಣು

ಹಣ್ಣು ಒಡೆದು ಬೀಜ ಒಂದು ಬುಟ್ಟಿಗೆ, ಸಿಪ್ಪೆ ಇನ್ನೊಂದಕ್ಕೆ ಹಾಕುತ್ತ ಅಕ್ಕಾತಾಯಿ ಅರ್ಧ ಕೆಲಸ ಮುಗಿಸಿದ್ದಳು. ಕೋಕಮಿನ ಕೆಂಪು ರಸ ಮೊಣಕೈವರೆಗೆ ಇಳಿದಿತ್ತು. ಖಾನಾಪುರದ ಈ ಹಿತ್ತಲು ಭೀಮಕ್ಕನದು. ಬಾಜೂ ಮನೆ ನೆಗೆಣ್ಣಿ ಅನುಜಾಳ ತವರು. ಪ್ರತಿ ಬೇಸಿಗೆಗೆ ಇಬ್ಬರೂ ಅನಗೋಳದಿಂದ ಬಸ್ಸು ಹತ್ತಿ ಬಂದು, ವರ್ಷಕ್ಕಾಗುವಷ್ಟು ಸಿಪ್ಪೆ ಒಣಗಿಸಿಕೊಂಡು ಹೋಗುತ್ತಿದ್ದರು. ಈ ಸಲ ಅಕ್ಕಾತಾಯಿ ಒಬ್ಬಳೇ.

"ನಿಮ್ಮ ನೆಗೆಣ್ಣಿ ಇದ್ರ ಇಷ್ಟೊತ್ತಿಗೆ ಎರಡು ಬುಟ್ಟಿ ಆಗಿರ್ತಿದ್ವು ನೋಡ್ರಿ," ಎಂದಳು ಭೀಮಕ್ಕ.

"ಆಕಿ ಯಾಕ ಬರ್ತಾಳ ಇಲ್ಲಿ? ಆಕೀಗೀಗ ಪರದೇಶದ ಹಣ್ಣು."

ಮೈದುನ ಉತ್ತಮ ಆಟೋ ನಗರದ ಎರಕದ ಕಾರ್ಖಾನೆ ಬಿಟ್ಟು ಇಂಡೋನೇಷ್ಯಾಕ್ಕೆ ಕೆಲಸಕ್ಕೆ ಹೋದಾಗ ಹೆಂಡತಿ ಅನುಜಾಳನ್ನೂ ಕರೆದೊಯ್ದಿದ್ದ. ಗುರುತಿಲ್ಲದ ಹಣ್ಣು ತಿನ್ನಬಾರದೆಂಬುದು ಅವರ ಜೈನ ಮನೆತನದ ಹಳೆಯ ಆಚಾರ. ಹೊರಡುವ ದಿನ ಅನುಜಾ ಅಕ್ಕಾತಾಯಿಯ ಕಾಲು ಮುಟ್ಟಿ ನೇಮ ತೆಗೆದುಕೊಂಡಿದ್ದಳು: ಅಲ್ಲಿನ ಹೊಸ ಹಣ್ಣನ್ನು ಮನೆಯ ಹಿರಿಯಳಾದ ಅಕ್ಕ ಗುರುತು ಹಿಡಿದು ಹೂಂ ಅನ್ನುವವರೆಗೆ ಬಾಯಿಗಿಡುವುದಿಲ್ಲ.

ಅಂದು ಅಕ್ಕಾತಾಯಿ ಹೆಮ್ಮೆಯಿಂದ ಬೀಗಿದ್ದಳು. ಹೊಟ್ಟೆಯಲ್ಲಿ ಕಿಚ್ಚು ಬಿದ್ದದ್ದು ಫೋನು ಬರತೊಡಗಿದ ಮೇಲೆ. ಮೈತುಂಬ ಕೂದಲಿರುವ ಕೆಂಪು ಹಣ್ಣಂತೆ, ಹಾವಿನ ಪೊರೆಯಂಥ ಸಿಪ್ಪೆಯ ಹಣ್ಣಂತೆ, ನಾಲ್ಕು ರೆಕ್ಕೆಯ ಅವರೆಕಾಯಂತೆ! ಎಣ್ಣೆಗಾಯಿಗೆ ಬದನೆ ಸೀಳುವುದನ್ನೂ ತನ್ನಿಂದ ಕಲಿತ ಹುಡುಗಿ ಇವಳು. ಉಪ್ಪಿನಕಾಯಿಯ ಹದ ಕೇಳಲು ಹಿಂದೆ ಬೀಳುತ್ತಿದ್ದ ಬಸದಿಯ ಹೆಂಗಸರು ಈಗ, "ಅನುಜಾ ಮತ್ತೇನ್ ನೋಡಿದ್ಳಂತ್ರೀ?" ಎಂದು ಕೇಳುತ್ತಿದ್ದರು. ಕೊಲ್ಹಾಪುರದ ಆಚೆ ಕಾಲಿಡದ ಅಕ್ಕಾತಾಯಿಯ ಬಳಿ ಉಳಿದದ್ದು ಒಂದೇ ಮಾತು. "ಬ್ಯಾಡ. ಗುರುತಿಲ್ಲದ್ದು." ಹಾಗೆಂದ ದಿನ ಊಟ ಸ್ವಲ್ಪ ಹೆಚ್ಚೇ ಸೇರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಟಪಾಲಿನಲ್ಲಿ ಪತ್ರವೇ ಬಂತು. ಜೊತೆಗೆ ಒಣಗಿದ ಅರ್ಧ ಸಿಪ್ಪೆ. 'ಇದಕ್ಕ ಮಾಂಗಿಸ್ ಅಂತಾರ್ರೀ ಅಕ್ಕಾರ. ಒಳಗ ಬೆಳ್ಳುಳ್ಳಿ ಹಂಗ ಬಿಳೀ ತೊಳಿ. ಬೆಳ್ಳುಳ್ಳಿ ಹೆಸರೆತ್ತಿದೆ ಅಂತ ಬೈಬ್ಯಾಡ್ರಿ. ಫೋನಿನ್ಯಾಗ ನಿಮಗ ಗುರುತು ಸಿಗೂದಿಲ್ಲ, ಸಿಪ್ಪಿ ನೋಡಿ ನಿಮ್ಮ ಕೈಲೇ ಬರದು ಕಳಸ್ರಿ. ತಿನ್ನಲೇನು?'

ಸಿಪ್ಪೆ ಮೂಸುತ್ತಲೇ ಗುರುತು ಸಿಕ್ಕಿತ್ತು. ಗಾತ್ರ ದೊಡ್ಡದು, ಮೈ ದಪ್ಪ. ಆದರೂ ಕೋಕಮಿನ ಕುಲವೇ. ಬರೆಯಲು ಮಾತ್ರ ಕೈ ಏಳಲಿಲ್ಲ. ತಿನ್ನು ಎಂದರೆ ತೊಳೆ ಅವಳಿಗೆ, ಸಿಪ್ಪೆ ತನಗೆ! ಫೋನಿನಲ್ಲಿ ಕೇಳಿದಾಗಲೆಲ್ಲ "ಬರೀತೀನಿ ತಡಿ" ಎನ್ನುತ್ತ ಬಂದಳು. ಪತ್ರವೂ ಸಿಪ್ಪೆಯೂ ಅವಳ ಕೈಚೀಲದಲ್ಲೇ ಊರೂರು ಸುತ್ತಿದವು.

ಈಗ ಕೈ ಒರೆಸಲು ಚೀಲದಿಂದ ಅರಿವೆ ಎಳೆದರೆ ಸಿಪ್ಪೆ ಜಾರಿ ನೆಲಕ್ಕೆ ಬಿತ್ತು. ಅಕ್ಕಾತಾಯಿ ಎತ್ತಿಕೊಂಡಳು. ಒಣಗಿದ ಹದ ನೋಡಲು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವುದು ಈ ಕೆಲಸದ ರೂಢಿ. ಬೆಳಗಿನಿಂದ ಅದನ್ನೇ ಮಾಡುತ್ತಿದ್ದ ಕೈ ಈಗಲೂ ಅದನ್ನೇ ಮಾಡಿತು.

"ಅಯ್ಯ, ಇದ್ಯಾವ ಸಿಪ್ಪೀರೀ? ಗುರುತಿಲ್ಲದ್ದು ಬಾಯಾಗ ಹಾಕೂದಿಲ್ಲಲ್ಲ ನೀವು?"

ನಾಲಗೆ ಒಗರಿಗೆ ಕಚ್ಚಿಕೊಂಡಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ.

"ಗುರುತೈತಿ," ಎಂದಳು.

ಭೀಮಕ್ಕ ಸಿಪ್ಪೆಯನ್ನು ನೋಡಿದಳು, ಅವಳ ಮುಖವನ್ನೂ ನೋಡಿದಳು. "ಅನುಜಾ ಕಳಿಸಿದ್ದು ಇದೇ ಏನು? ಮೊನ್ನೆ ಫೋನ್ ಮಾಡಿದ್ಳು. ಗಂಡಸರಿಗೆಲ್ಲೈತ್ರೀ ನೇಮ, ಉತ್ತಮಣ್ಣಾರು ಚೀಲ ತುಂಬ ತರ್ತಾರಂತ. ಈಕಿ ಒಡದು ಅವರಿಗಿ ಕೊಟ್ಟು ಕೈ ತೊಳಕೋತಾಳಂತ. 'ಏ ಹುಚ್ಚಿ, ಕೋಕಂ ಗಿಡದ ಬುಡಕ ಬೆಳದಾಕಿ ನೀ, ನಿನಗ ಗುರುತು ಸಿಗಲಿಲ್ಲೇನ' ಅಂದೆ."

"ಏನಂದ್ಳು?"

"'ನನಗ ಅವತ್ತ ಸಿಕ್ಕೇತಿ, ಅಕ್ಕಾರ ಹೇಳಲಿ' ಅಂದ್ಳು. ಹಣ್ಣು ಮುಗೀಲಿಕ್ಕ ಬಂದಾವಂತ, ಪಾಪ."

ಅಕ್ಕಾತಾಯಿ ಬುಟ್ಟಿಯನ್ನು ಬದಿಗೆ ಸರಿಸಿದಳು. ಆಮೇಲೆ, "ನಿನ್ನ ಮನ್ಯಾಗ ಪೆನ್ನು ಐತೇನು?" ಎಂದಳು.

ಕಟ್ಟೆಯ ಮೇಲೆ ಕೂತು ಬರೆದಳು. 'ಅನುಜಾ, ಅದು ಕೋಕಮಿನ ಕುಲದ್ದು. ಮೊದಲನೇ ದಿನಾನ ನನಗ ಗೊತ್ತಿತ್ತು. ತಿನ್ನು. ರುಚಿ ಹೆಂಗಿತ್ತಂತ ನನಗ ಬರೀಬ್ಯಾಡ.' ಕೊನೆಯ ಸಾಲು ಹೊಡೆದುಹಾಕಲು ಹೋಗಿ, ಹಾಗೇ ಬಿಟ್ಟಳು. ಭೀಮಕ್ಕ ಹುಡುಕಿ ಕೊಟ್ಟ ಲಕೋಟೆಯ ಮೇಲೆ ಇಂಗ್ಲಿಷ್ ವಿಳಾಸವನ್ನು ಅನುಜಾಳ ಪತ್ರ ನೋಡಿ ಒಂದೊಂದೇ ಅಕ್ಷರ ಚಿತ್ರ ಬಿಡಿಸಿದಂತೆ ಇಳಿಸಿದಳು.

ಅಂಚೆ ಕಚೇರಿಯವನು ಲಕೋಟೆ ತಿರುಗಿಸಿ ನೋಡಿದ. "ಅಜ್ಜೀ, ಕೈಬಟ್ಟಿನ ಕೆಂಪು ಬಣ್ಣ ಹತ್ತೇತಲ್ರೀ. ಬ್ಯಾರೆ ಲಕೋಟಿ ಕೊಡಲೇನು?"

"ಹತ್ತಲಿ ಬಿಡಪ್ಪ."

ಅವನು ಮುದ್ರೆ ಒತ್ತಿ ಚೀಲದೊಳಗೆ ಹಾಕಿದ. ಅಕ್ಕಾತಾಯಿ ಮೆಟ್ಟಿಲಿಳಿದು ಬಿಸಿಲಿಗೆ ಬಂದಳು, ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿಕೊಂಡಳು. ಒಗರು ಇನ್ನೂ ಹೋಗಿರಲಿಲ್ಲ.