ಹನ್ನೆರಡು ಕೋಣೆಯ ಹೃದಯ

ಪಿಯುಸಿ ಮುಗಿದಾಗ ನನ್ನ ಮುಂದಿದ್ದದ್ದು ಎರಡು ಚಿಕ್ಕ ಕಾಲೇಜು. ಜೀವಶಾಸ್ತ್ರದಲ್ಲಿ ಬಿಎಸ್ಸಿ ಮಾಡಬೇಕೆಂದರೆ ಒಂದೋ ಕಡೂರು, ಇಲ್ಲವೇ ತರೀಕೆರೆ. ಕಡೂರಿನದು ಹೊಸದು. ಮೂರು ಮೈಕ್ರೋಸ್ಕೋಪಿದ್ದವು, ಒಂದು ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇತ್ತು. ಅದನ್ನು ತೋರಿಸಿದ ಮೇಷ್ಟ್ರು ಮನೆಗೆ ಬಂದ ಹೊಸ ಸೊಸೆಯನ್ನು ತೋರಿಸುವಂತೆ ಬೀಗುತ್ತಿದ್ದರು. ತರೀಕೆರೆಯದರಲ್ಲಿ ಗಿಡಗಳ ತೋಟವಿತ್ತು, ಗಾಜಿನ ಜಾಡಿಗಳ ಸಾಲಿತ್ತು. ನನಗೆ ಬೇಕಾಗಿದ್ದು ತರೀಕೆರೆಯೇ.

ಆದರೆ ಅಲ್ಲಿ ಓದುತ್ತಿದ್ದವಳು ನನ್ನ ಅಕ್ಕ ಸ್ಫೂರ್ತಿ. ಎರಡನೇ ವರ್ಷದಲ್ಲಿದ್ದಾಗ ಡೆಂಗಿ ಬಂದು ಸತ್ತಳು. ನಾಲ್ಕು ವರ್ಷವಾಯಿತು. "ತರೀಕೆರೆ ಒಂದು ಬ್ಯಾಡ ಕಣೇ ಸೌಮ್ಯ" ಎನ್ನುತ್ತಿದ್ದ ಅಮ್ಮ, ಯಾಕೆಂದು ಕೇಳಿದರೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ನಾನೂ ಕೆದಕುತ್ತಿರಲಿಲ್ಲ. ಅಕ್ಕನಿಗೆ ಜ್ವರ ಬಂದದ್ದು ಎಲ್ಲರಿಗಿಂತ ಎರಡು ದಿನ ಮೊದಲೇ ನನಗೆ ಗೊತ್ತಿತ್ತು. ಪ್ರಾಕ್ಟಿಕಲ್ ರೆಕಾರ್ಡ್ ಕೊಡುವ ದಿನ ಹತ್ತಿರ ಬಂದಿತ್ತು. "ಅಮ್ಮಂಗೆ ಹೇಳ್ಬ್ಯಾಡ, ಕಾಲೇಜಿಗೆ ಕಳ್ಸಲ್ಲ" ಎಂದಿದ್ದಳು. ಅವಳ ಕೈ ನಡುಗುತ್ತಿತ್ತು. ಕೊನೆಯ ಚಿತ್ರವನ್ನು ನಾನೇ ಬರೆದುಕೊಟ್ಟೆ. ಜಿರಳೆಯ ಹೃದಯ. ಒಂಬತ್ತನೇ ಕ್ಲಾಸಿನವಳಿಗೆ ಅಕ್ಕನ ರೆಕಾರ್ಡಿನಲ್ಲಿ ಬರೆಯುವ ಜಂಬ ಬೇರೆ. ಆ ಜಂಬ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

"ಬರೀ ನೋಡ್ಕಂಡ್ ಬರಾಣ" ಎಂದು ಪುಸಲಾಯಿಸಿ ಅಮ್ಮನನ್ನು ಅಜ್ಜಂಪುರದಲ್ಲಿ ಬಸ್ಸು ಹತ್ತಿಸಿದೆ. ತರೀಕೆರೆಯಲ್ಲಿ ಇಳಿದು ಕಾಲೇಜಿನ ಗೇಟು ಮುಟ್ಟಿದ್ದೇ ಅವಳು ಕಲ್ಲಿನ ಮೇಲೆ ಕುಳಿತಳು. ಒಳಗೆ ಬರಲೊಲ್ಲೆ ಎಂದಳು. ನಾನೊಬ್ಬಳೇ ಹೋದೆ.

ಲ್ಯಾಬಿನಲ್ಲಿ ಅಟೆಂಡರ್ ಕರಿಸಿದ್ದಪ್ಪ ಈ ವರ್ಷದ ರೆಕಾರ್ಡುಗಳನ್ನು ಜೋಡಿಸುತ್ತಿದ್ದ. ಸುಮ್ಮನೆ ಒಂದನ್ನು ತೆರೆದೆ. ಜಿರಳೆಯ ಹೃದಯಕ್ಕೆ ಹನ್ನೆರಡು ಕೋಣೆ. ಇರಬೇಕಾದದ್ದು ಹದಿಮೂರು. ಇನ್ನೊಂದು ತೆರೆದೆ, ಹನ್ನೆರಡು. ಮತ್ತೊಂದು, ಅಷ್ಟೇ. ಕೊನೆಯ ಕೋಣೆ ಎಲ್ಲದರಲ್ಲೂ ಎಡಕ್ಕೆ ಸೊಟ್ಟಗಾಗಿತ್ತು, ಅಂದು ನನ್ನ ಪೆನ್ಸಿಲ್ ಜಾರಿದಂತೆಯೇ. ಪ್ರತಿಯೊಂದರ ಕೆಳಗೂ ಮೇಷ್ಟ್ರ ಕೆಂಪು ರೈಟು.

"ಇದನ್ನೆಲ್ಲ ಯಾವುದ್ರಿಂದ ಬರೆದವ್ರೆ?" ಎಂದೆ.

ಕರಿಸಿದ್ದಪ್ಪ ಬೀರುವಿನಿಂದ ಬಟ್ಟೆ ಸುತ್ತಿದ ರೆಕಾರ್ಡ್ ತೆಗೆದ. "ಪಾಸಾದೋರು ತಮ್ಮುದ್ನ ಮನೆಗೆ ತಗಂಡೋಯ್ತಾರೆ. ಈ ಹುಡ್ಗಿ ತೀರ್ಕಂಡ್ಳು, ಇವಳ್ದು ಇಲ್ಲೇ ಉಳ್ಕಂತು. ವರ್ಷಾ ವರ್ಷಾ ಇದ್ನೇ ನೋಡ್ಕಂಡ್ ಬರೀತವೆ, ಪಾಪ." ರಟ್ಟಿನ ಮೇಲೆ ಅಕ್ಕನ ಗುಂಡು ಅಕ್ಷರ. ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಓಡಿದೆ.

ಗೇಟಿನಲ್ಲಿ ಅಮ್ಮನ ಮುಂದೆ ಎಲ್ಲವನ್ನೂ ಕಕ್ಕಿಬಿಟ್ಟೆ. ಚಿತ್ರ ಬರೆದದ್ದು, ಜ್ವರ ಮುಚ್ಚಿಟ್ಟದ್ದು, ನಾನು ಬಾಯಿಬಿಟ್ಟಿದ್ದರೆ ಅವಳು ಬದುಕುತ್ತಿದ್ದಳು ಎಂಬುದು. ಹೊಡೆಯಲಿ ಎಂದು ಕಾದೆ.

ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. "ನಂಗೂ ಗೊತ್ತಿತ್ತು ಕಣೇ. ಅವತ್ತು ಬೆಳಿಗ್ಗೆ ಅವಳಿಗೆ ಜಡೆ ಹಾಕುವಾಗ ಕತ್ತು ಸುಡ್ತಿತ್ತು. ರೆಕಾರ್ಡ್ ಕೊಟ್ ಬಂದ್ಬಿಡ್ಲಿ, ಆಮೇಲ್ ತೋರ್ಸಾಣ ಅಂತ ನಾನೇ ಬಸ್ ಹತ್ತಿಸ್ದೆ."

ಇಬ್ಬರೂ ಒಂದೇ ಸೂರಿನಡಿ ನಾಲ್ಕು ವರ್ಷ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಸೆರಗಿನಲ್ಲಿ ನನ್ನ ಮುಖ ಒರೆಸಿ, ಎದ್ದು ಗೇಟು ದಾಟಿದಳು.

ಲ್ಯಾಬಿನಲ್ಲಿ ಆ ರೆಕಾರ್ಡನ್ನು ಎತ್ತಿ ಎದೆಗೆ ಅವುಚಿಕೊಂಡಳು. "ನನ್ ಮಗಳ್ದು. ತಗಂಡೋಯ್ತೀನಿ."

ಕರಿಸಿದ್ದಪ್ಪ ಗಾಬರಿಯಾದ. "ಅವ್ವಾ, ಬರೋ ವರ್ಷ ಹುಡುಗ್ರು ಏನ್ ನೋಡ್ಕಂಡ್ ಬರೀತವೆ?"

"ಜಿರಳೆ ನೋಡ್ಕಂಡ್ ಬರೀಲಿ" ಎಂದೆ. "ನಾನೇ ಹಿಡ್ಕೊಡ್ತೀನಿ. ಇಲ್ಲೇ ಸೇರ್ತಿದೀನಿ."

ಅಮ್ಮ ಬೇಡವೆನ್ನಲಿಲ್ಲ.