ಮೂರು ನಿಮಿಷದ ಗಂಟೆ

ನಾನೊಂದು ಕಂಚಿನ ಕೈಗಂಟೆ. ಹುಟ್ಟಿದ್ದು ನಾಗಮಂಗಲದ ಒಂದು ಕುಲುಮೆಯಲ್ಲಿ. ಮೊದಲಿನಿಂದಲೂ ನನ್ನದು ಬಾಯಿ ಜೋರು. ಆ ಬಾಯಿಯಿಂದಲೇ ಒಂದು ಶಾಲೆ ಮುಚ್ಚಿಹೋಯಿತು. ಯಾರ ಮುಂದಾದರೂ ಹೇಳಿಕೊಳ್ಳದೆ ನನಗೆ ನೆಮ್ಮದಿಯಿಲ್ಲ.

ನನ್ನನ್ನು ಮಾಡಿಸಿದವರು ಕೆಂಪನಂಜಯ್ಯ ಮೇಷ್ಟ್ರು. ಸರ್ಕಾರದ ನೆರವಿಲ್ಲದೆ ಅದೇ ಊರಲ್ಲಿ ಅರಳು ಶಾಲೆ ನಡೆಸುತ್ತಿದ್ದರು. "ಗಂಟೆ ಹೊಡೀತು ಅಂದ್ರೆ ಮಾತು ನಿಲ್ಬೇಕು, ತಿಳೀತಾ?" ಎಂದು ಮಕ್ಕಳಿಗೆ ಕಲಿಸಿದ್ದರು. ಮುಂದಿನ ಸಾಲಿನ ದೇವೀರಿ ಎಂಬ ಹುಡುಗಿಯಂತೂ ನಾನು ಢಣ್ ಎಂದರೆ ಅರ್ಧ ಪದ್ಯ ಬಾಯಲ್ಲೇ ಇಟ್ಟುಕೊಂಡು ಕೂತುಬಿಡುತ್ತಿದ್ದಳು. ನನಗೋ ಹೆಮ್ಮೆಯೋ ಹೆಮ್ಮೆ!

ಆ ಕಾಲಕ್ಕೆ ಇಂಥ ಶಾಲೆಗಳನ್ನು ಕೇಳುವವರಿರಲಿಲ್ಲ. ಹನ್ನೊಂದು ಶಾಲೆಗಳ ಮುಖ್ಯಸ್ಥರು, ಪುಣೆಯವರು, ಮಧುರೈಯವರು ಕೂಡ, ಬೆಂಗಳೂರಿನಲ್ಲಿ ಸೇರಿ ಸ್ವತಂತ್ರ ಶಾಲೆಗಳ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಮೊದಲ ಸಭೆಯಲ್ಲೇ ದೊಡ್ಡ ಶಾಲೆಯವರು ಮಾತಿಗೆ ನಿಂತವರು ಊಟದ ಹೊತ್ತಾದರೂ ಕೂರಲಿಲ್ಲ. ಸಣ್ಣವರಿಗೂ ಸರದಿ ಸಿಗಲೆಂದು ಮೇಷ್ಟ್ರು ನನ್ನನ್ನು ಒಕ್ಕೂಟಕ್ಕೆ ಕೊಟ್ಟರು. "ಒಬ್ಬೊಬ್ಬರಿಗೆ ಮೂರೇ ನಿಮಿಷ. ಆಮೇಲೆ ಇವಳು ಮಾತಾಡ್ತಾಳೆ" ಎಂದರು. ಎಲ್ಲರೂ ನಕ್ಕು ಒಪ್ಪಿದರು.

ಹನ್ನೊಂದು ಶಾಲೆ ಆರುನೂರಾಯಿತು, ಸ್ವಂತ ಕಟ್ಟಡ ಬಂತು. ಬಾಗಿಲಲ್ಲಿ ಒಕ್ಕೂಟದ ಫಲಕವಿದ್ದರೆ ಮಾತ್ರ ಹೆತ್ತವರು ಮಕ್ಕಳನ್ನು ಸೇರಿಸುವ ಕಾಲವೂ ಬಂತು. ದೊಡ್ಡವರು ನನಗೆ ಕ್ಯಾರೇ ಅನ್ನುತ್ತಿರಲಿಲ್ಲ. ನಾನು ಬಡಿದುಕೊಳ್ಳುತ್ತಿದ್ದೆ, ಅವರು "ಒಂದೇ ಮಾತು" ಎಂದು ಹತ್ತು ನಿಮಿಷ ಎಳೆಯುತ್ತಿದ್ದರು.

ಮೂವತ್ತೆರಡನೆಯ ವಾರ್ಷಿಕ ಸಭೆ. ಆಟದ ಮೈದಾನವಿಲ್ಲದ ಶಾಲೆಗಳನ್ನು ಒಕ್ಕೂಟದಿಂದ ತೆಗೆಯುವ ಠರಾವು ಬಂತು. ಅರಳು ಶಾಲೆಯ ಪರವಾಗಿ ಎದ್ದವಳು ಅದೇ ದೇವೀರಿ. ಮೇಷ್ಟ್ರು ತೀರಿಕೊಂಡ ಮೇಲೆ ಅವಳೇ ಅಲ್ಲಿ ದೇವೀರಮ್ಮ ಮೇಡಂ. ಕೈಯಲ್ಲೊಂದು ಪತ್ರವಿತ್ತು. ಪಕ್ಕದ ಅಕ್ಕಿ ಗಿರಣಿಯವರು ಭತ್ತ ಒಣಗಿಸುವ ಬಯಲನ್ನು ಶಾಲೆಗೆ ಬರೆದುಕೊಟ್ಟ ಪತ್ರ. ಅವಳು ಮೇಷ್ಟ್ರನ್ನು ನೆನೆದಳು, ಮಕ್ಕಳ ವಿಷಯಕ್ಕೆ ಬಂದಳು, ಕೊನೆಗೆ "ಈಗ ಮೈದಾನದ ಮಾತು. ಮೊನ್ನೆ ತಾನೇ ನಮಗೆ..." ಎಂದಳು. ಅಧ್ಯಕ್ಷರು ನನ್ನನ್ನು ಅಲ್ಲಾಡಿಸಿದರು. ಢಣ್!

ಬೇರೆ ಯಾರೇ ಆಗಿದ್ದರೂ ಮಾತು ಮುಗಿಸಿಯೇ ಕೂರುತ್ತಿದ್ದರು. ದೇವೀರಿ ಥಟ್ಟನೆ ಕೂತುಬಿಟ್ಟಳು. 'ಅಯ್ಯೋ, ಎದ್ದು ಹೇಳೇ ತಾಯಿ!' ಎಂದು ನಾನು ಒಳಗೇ ಒದ್ದಾಡಿದೆ. ಕೈಗಳು ಎದ್ದವು, ಠರಾವು ಪಾಸಾಯಿತು. ಆಮೇಲೆ ಪತ್ರ ತೋರಿಸಿದರೆ ಕಾರ್ಯದರ್ಶಿ, "ಸಭೇಲೇ ಹೇಳ್ಬೇಕಿತ್ತು ಮೇಡಂ, ಈಗ ಬರಲ್ಲ" ಎಂದರು. ಎರಡು ವರ್ಷಕ್ಕೆ ಅರಳು ಶಾಲೆಗೆ ಬೀಗ ಬಿತ್ತು. ಸಣ್ಣವರಿಗಾಗಿ ಬಂದ ನಾನು ನನ್ನ ತವರಿನ ಬಾಯನ್ನೇ ಮುಚ್ಚಿಸಿದೆ. ಪಾಪಿ ನಾನು.

ಈಗ ಒಕ್ಕೂಟದ ಸಭಾಂಗಣದ ಗಾಜಿನ ಕಪಾಟಿನಲ್ಲಿದ್ದೇನೆ. 'ಅರಳು ಶಾಲೆಯ ಕೊಡುಗೆ' ಎಂಬ ಚೀಟಿ ಬೇರೆ. ಹೋದ ತಿಂಗಳು ದೇವೀರಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ದಾಖಲೆ ಹುಡುಕಿಕೊಂಡು ಬಂದಳು. ತಲೆ ಪೂರಾ ಬೆಳ್ಳಗಾಗಿತ್ತು. ಗುಮಾಸ್ತರು ನನ್ನನ್ನು ತೆಗೆದು ಅವಳ ಕೈಗಿಟ್ಟು, "ಬಾರಿಸಿ ಮೇಡಂ, ನಿಮ್ಮ ಶಾಲೇದೇ ಅಲ್ವಾ?" ಎಂದರು.

ಅವಳು ಬಾರಿಸಲಿಲ್ಲ. ಬೆರಳು ಒಳಗೆ ಹಾಕಿ ನನ್ನ ನಾಲಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಖಾಲಿ ಕುರ್ಚಿಗಳ ಕಡೆ ತಿರುಗಿ, "ಮೊನ್ನೆ ತಾನೇ ನಮಗೆ ಮೈದಾನ ಸಿಕ್ತು. ನೂರಾ ಹನ್ನೆರಡು ಮಕ್ಕಳೂ ಆಡ್ಬೋದು" ಎಂದಳು. ಆಮೇಲೆ ನನ್ನನ್ನು ಸದ್ದಾಗದಂತೆ ಕಪಾಟಿನಲ್ಲಿಟ್ಟಳು.

ಅಷ್ಟು ಹೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.