ಒದ್ದೆ ಗೋಣಿ

ಒನೀಟಾ ಸಾವಿನ ಕಪ್ಪು ಉಡುಪಿನಲ್ಲೇ ದೋಣಿಯ ಹಿಂಭಾಗದಲ್ಲಿ ಮಂಡಿಯೂರಿ, ನೆಲದ ಮುಚ್ಚಳ ಎತ್ತಿ, ಒಳಗಿನ ಕತ್ತಲೆಯಲ್ಲಿ ನೀರಿಗಾಗಿ ತಡಕುತ್ತಿದ್ದಳು. ಗಂಡ ಆಲ್ಟನ್‌ನ ಬೂದಿಯಿದ್ದ ಮರದ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಭುಜದವರೆಗೆ ಕೈ ಇಳಿಸಿದರೂ ಬೆರಳಿಗೆ ಸಿಕ್ಕಿದ್ದು ಬಣ್ಣ ಬಳಿದ ಒಣ ಹಲಗೆ. ಸ್ವಾಮೀ, ಒಂದು ಬೊಗಸೆಯಾದರೂ ಬಂದಿರಲಿ, ಎಂದು ಬೇಡಿಕೊಂಡಳು. ದೋಣಿ ಸೋರಲಿ ಎಂದು ದೇವರ ಮೊರೆಹೊಕ್ಕವರು ಹ್ಯಾಟರಸ್ ದ್ವೀಪದಲ್ಲಿ ಅವಳಿಗಿಂತ ಮೊದಲು ಯಾರೂ ಇರಲಿಕ್ಕಿಲ್ಲ.

"ಅತ್ತೆ, ಏನ್ ಬಿದ್ದೋಯ್ತು ಒಳಗೆ?"

ದೋಣಿ ಕಟ್ಟುವ ದಕ್ಕೆಯ ಮೇಲಿಂದ ಡೆನಾರ್ಡ್ ಕೇಳಿದ. ಅವನು ಆಲ್ಟನ್‌ನ ಅಕ್ಕನ ಮಗ. ಪ್ರವಾಸಿಗರನ್ನು ಆಳಸಮುದ್ರದ ಮೀನು ಬೇಟೆಗೆ ಕರೆದೊಯ್ಯುವುದು ಅವನ ಕಸುಬು.

"ನೀರು ಬಂದಿದೆಯಾ ನೋಡ್ತಿದೀನಿ."

"ನಾನೂ ಅದನ್ನೇ ಕಾಯ್ತಾ ಕೂತಿದ್ದೆ. ನಿನ್ನೆ ಬೆಳಿಗ್ಗೆ ಇಳಿಸಿದಾಗ ಎರಡು ಪಂಪು ಹೊತ್ಕೊಂಡು ಬಂದಿದ್ದೆ. ಒಂದು ಲೋಟ ನೀರೂ ಇಲ್ಲ. ನಂಗೇ ನಂಬಕ್ಕಾಗ್ತಿಲ್ಲ."

ಬಹಳ ಕಾಲ ನೆಲದ ಮೇಲೆ ನಿಂತ ಮರದ ದೋಣಿ ನೀರಿಗಿಳಿದರೆ ಸೋರದೆ ಇರುವುದಿಲ್ಲ. ಹಲಗೆಗಳು ಒಣಗಿ ಸಂದು ಬಿಟ್ಟಿರುತ್ತವೆ. ಅವು ನೀರು ಕುಡಿದು, ಉಬ್ಬಿ, ಸಂದು ಮುಚ್ಚಿಕೊಳ್ಳುವ ತನಕ ದೋಣಿಯನ್ನು ದಡಕ್ಕೇ ಕಟ್ಟಿಹಾಕಬೇಕು. ಒನೀಟಾ ನೆಚ್ಚಿಕೊಂಡಿದ್ದು ಅದನ್ನೇ. ಸ್ವಂತ ದೋಣಿ ಇದ್ದವನ ಬೂದಿ ಸ್ವಂತ ದೋಣಿಯಲ್ಲೇ ಹೋಗಬೇಕು, ಬೇರೆಯವರ ದೋಣಿ ಹತ್ತಿಸುವುದು ಆ ಊರಿನ ರೀತಿಯಲ್ಲ. ಅವಳ ಹೆಸರನ್ನೇ ಹೊತ್ತ ಈ 'ಮಿಸ್ ಒನೀಟಾ' ಸೋರಿದರೆ, ಹಿನ್ನೀರು ಕಡಲಿಗೆ ಸೇರುವ ಅಳಿವೆ ದಾಟಲಾಗದು. ಅಳಿವೆ ದಾಟದಿದ್ದರೆ ಹಿನ್ನೀರಿನಲ್ಲೇ, ದಡ ಕಾಣುತ್ತಿರುವಾಗಲೇ, ಅವನನ್ನು ಬಿಟ್ಟು ಬರಬಹುದು.

ಅಳಿವೆಯ ಸದ್ದು ಇಲ್ಲಿಗೂ ಕೇಳುತ್ತಿತ್ತು. ನೀರಡಿಯ ಮರಳುದಿಬ್ಬದ ಮೇಲೆ ಅಲೆ ಒಡೆಯುವ ಸದ್ದು. ಅವಳು ಮುಚ್ಚಳ ಹಾಕಿದಳು.

*

ಆಲ್ಟನ್ ಆ ದೋಣಿಯನ್ನು ಕಂಡದ್ದು ಬಹಳ ವರ್ಷಗಳ ಕೆಳಗೆ, ವಾಂಚೀಸ್ ಊರಿನ ದೋಣಿ ಕಟ್ಟುವ ಅಂಗಳವೊಂದರ ಹಿಂದೆ. ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಕೋಣೆಯೊಳಗೆ ಕಣಜದ ಗೂಡು, ಮೀನು ಎಳೆಯುವವರು ಕೂರುವ ದೊಡ್ಡ ಕುರ್ಚಿಗೆ ಒಂದೇ ತೋಳು. ಆದರೆ ಮುಂಭಾಗದ ಬಾಗು ಮಾತ್ರ ಆ ಕಡೆಯ ಹಳೆಯ ಬಡಗಿಗಳ ಕೈಯಿಂದಲೇ ಬರಬಹುದಾದದ್ದು. ಆಲ್ಟನ್ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವವನು. ತಿರುಪುಳಿಯ ಹಿಡಿಯಿಂದ ಹಲಗೆ ಹಲಗೆಗೂ ಬಡಿದು, ಕಿವಿಗೊಟ್ಟು ಕೇಳಿದ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿದ. ಕೊನೆಗೆ ಗುರುತಿಲ್ಲದ ಜಾಗವೇ ಕಡಿಮೆಯಾಯಿತು.

"ಇದನ್ನ ತಗೊಂಡ್ರೆ ನಿನ್ನ ಹೆಂಡ್ತಿ ನಂಗೆ ಶಾಪ ಹಾಕ್ತಾಳೆ ಕಣಯ್ಯ," ಎಂದ ದೋಣಿ ಮಾರುತ್ತಿದ್ದ ಮುದುಕ.

"ಇಲ್ಲೇ ಇದಾಳಲ್ಲ, ಕೇಳಿ."

ಒನೀಟಾ ಕೇಳಿದ್ದು ಒಂದೇ ಮಾತು. "ಇದು ತೇಲುತ್ತಾ?"

"ಈಗಂತೂ ಇಲ್ಲ ತಾಯಿ."

"ಹಾಗಾದ್ರೆ ತಗೋ," ಎಂದಳು ಗಂಡನಿಗೆ.

ಅವಳು ಹಾಗೆಂದದ್ದಕ್ಕೆ ಕಾರಣವಿತ್ತು. ಆಲ್ಟನ್‌ಗೆ ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ, ಅವನೂ ಅವನ ಅಣ್ಣ ಕ್ಲೀವ್ ಕೂಡ ಅಪ್ಪನ ದೋಣಿಯಲ್ಲಿ ಅಳಿವೆ ದಾಟಿ ಮರಳುವಾಗ ದೋಣಿ ಮಗುಚಿತ್ತು. ಆಲ್ಟನ್ ದಡಕ್ಕೆ ಬಂದು ಬಿದ್ದ. ಕ್ಲೀವ್ ಬರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟೇ. ದೋಣಿಯಲ್ಲಿ ತೇಲುವ ಜಾಕೆಟ್ ಒಂದೇ ಇತ್ತೆಂದೂ, ದಿಬ್ಬದ ಮೇಲೆ ಅಲೆ ಎದ್ದದ್ದನ್ನು ಕಂಡ ಕ್ಲೀವ್ ಅದನ್ನು ತಮ್ಮನಿಗೆ ತೊಡಿಸಿ, ಪಟ್ಟಿ ಬಿಗಿದು, ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದನೆಂದೂ ಆಲ್ಟನ್ ಹೇಳಿದ್ದು ಒನೀಟಾಗೆ ಮಾತ್ರ. ಅದೂ ಒಂದೇ ಸಲ.

ವಾಂಚೀಸ್‌ನ ದೋಣಿ ಮನೆಯ ಹಿಂದಿನ ಕೊಟ್ಟಿಗೆಗೆ ಬಂತು. ಕೊಳೆತ ಹಲಗೆ ಹೋಗಿ ಹೊಸ ಹಲಗೆ ಬಂತು, ಎಂಜಿನ್ ಬಿಚ್ಚಿ ಕೂಡಿಸಿದ್ದಾಯಿತು, ಕುರ್ಚಿಗೆ ತೇಗದ ತೋಳು ಬಂತು. ಪ್ರತಿ ವಸಂತದಲ್ಲೂ ಆಲ್ಟನ್ "ಈ ಬೇಸಿಗೆಗೆ ಇಳಿಸೋದೇ" ಎನ್ನುತ್ತಿದ್ದ. ಬೇಸಿಗೆ ಬಂದಾಗ ಚುಕ್ಕಾಣಿಯಲ್ಲೋ, ಕಿಟಕಿಯ ಅಂಚಿನಲ್ಲೋ ಏನಾದರೊಂದು ಊನ ಕಾಣುತ್ತಿತ್ತು. ಅವನು ಊನ ಹೇಳಿದಾಗಲೆಲ್ಲ ಒನೀಟಾ ಒಲೆಯ ಕಡೆ ತಿರುಗಿ ನೆಮ್ಮದಿಯ ಉಸಿರು ಬಿಡುತ್ತಿದ್ದಳು. ಊರಿನಲ್ಲಿ ಕೊಟ್ಟ ಸಾಲ ವಾಪಸ್ ಕೇಳಿದವರಿಗೆ "ಆಲ್ಟನ್ ದೋಣಿ ಇಳಿದ ದಿನ ಕೊಡ್ತೀನಿ" ಎನ್ನುವುದು ತಮಾಷೆಯಾಗಿಬಿಟ್ಟಿತು.

*

ಚರ್ಚಿನ ಪ್ರಾರ್ಥನೆ ಬೆಳಿಗ್ಗೆಯೇ ಮುಗಿದಿತ್ತು. ದಕ್ಕೆಯ ಮೇಲೆ ಮೇಜು ಹಾಕಿ ಚಿಪ್ಪುಮೀನಿನ ಸಾರು, ಅಂಜೂರದ ಕೇಕು ಬಡಿಸುತ್ತಿದ್ದರು. ಆಲ್ಟನ್‌ನ ಅಕ್ಕ, ಡೆನಾರ್ಡ್‌ನ ತಾಯಿ ಮೋಜೆಲ್ ಊರುಗೋಲು ಹಿಡಿದು ಮೇಜಿನ ತಲೆಗೆ ಕೂತಿದ್ದಳು.

"ಸತ್ತಮೇಲಾದ್ರೂ ಇಳೀತಲ್ಲ ಅವನ ದೋಣಿ," ಎಂದಳು. "ಈಗ ಊರಲ್ಲಿ ಎಷ್ಟು ಜನ ಸಾಲ ತೀರಿಸ್ಬೇಕೋ!"

ಎಲ್ಲರೂ ನಕ್ಕರು. ನಗುತ್ತಲೇ ಅವಳು ಕಣ್ಣೊರೆಸಿಕೊಂಡಳು.

ಒನೀಟಾ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಬಂದು ನಿಂತಳು. "ಅತ್ತಿಗೆ, ಪಾದ್ರಿಗಳೇ, ಒಂದು ಮಾತು. ಹಿನ್ನೀರಲ್ಲೇ ಬಿಡೋಣ. ಗಾಳಿ ಜೋರಾಗಿದೆ."

"ಹಿನ್ನೀರಲ್ಲಾ? ಅದು ಬಾತುಕೋಳಿ ಈಜೋ ನೀರು ಕಣೇ! ನಮ್ಮಪ್ಪನ ಬೂದಿ ಹೋಗಿದ್ದು ಅಳಿವೆ ಆಚೆಗೆ. ಕ್ಲೀವ್ ಇರೋದೂ ಅಲ್ಲೇ. ಇವನೊಬ್ಬನ್ನೇ ಈಚೆ ಬಿಟ್ಬರ್ತೀಯಾ?"

"ನಿಮ್ಮ ತಮ್ಮ ಅಲ್ಲಿಗೆ ಹೋಗ್ಬೇಕು ಅಂತ ಯಾವತ್ತಾದ್ರೂ ಹೇಳಿದ್ರಾ?"

"ಹೋಗಲ್ಲ ಅನ್ನೋನು ಯಾಕಮ್ಮ ಜೀವಮಾನವೆಲ್ಲ ಒಂದು ದೋಣಿ ಕೆತ್ತುತ್ತಾ ಕೂತಿದ್ದ?"

ಒನೀಟಾಗೆ ಉತ್ತರ ಬಾಯಿಗೆ ಬಂದಿತ್ತು. ಹೋಗದೆ ಇರುವುದಕ್ಕೇ ಕೆತ್ತುತ್ತಿದ್ದ, ಹೆದರಿಕೆಯಿಂದ ಕೆತ್ತುತ್ತಿದ್ದ. ಆದರೆ ಸತ್ತವನ ಹೆದರಿಕೆಯನ್ನು ಸಾರು ಕುಡಿಯುತ್ತಿರುವ ಜನರ ಮುಂದೆ ಹೇಗೆ ಇಡುವುದು?

ಪಾದ್ರಿ ಮೆಲ್ಲಗೆ ಹೇಳಿದರು, "ಒನೀಟಮ್ಮ, ನೀವು ಹೇಳಿದ ಹಾಗೇ ಆಗ್ಲಿ. ಯಾರೂ ಬಲವಂತ ಮಾಡಲ್ಲ."

ಡೆನಾರ್ಡ್ ಇನ್ನೂ ದೋಣಿಯ ಮೈಯನ್ನೇ ನೋಡುತ್ತಿದ್ದ. "ಒಂದು ಅರ್ಥ ಆಗ್ತಿಲ್ಲ ಅತ್ತೆ. ಮಾವ ಹಾಸಿಗೆ ಹಿಡಿದು ಚಳಿಗಾಲವೆಲ್ಲ ಕಳೀತು. ಹಲಗೆ ಬಿರುಕು ಬಿಟ್ಟಿರ್ಬೇಕಿತ್ತು. ಯಾರು ನೆನೆಸ್ತಾ ಇದ್ರು ಇದನ್ನ?"

ಒನೀಟಾ ಪೆಟ್ಟಿಗೆ ಹಿಡಿದಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

*

"ಗೋಣಿ?" ಎನ್ನುತ್ತಿದ್ದ ಆಲ್ಟನ್ ಹಾಸಿಗೆಯಿಂದ, ದಿನವೂ ಸಂಜೆ.

"ನೆನೆಸಿ ಬಂದೆ ಮಾರಾಯ. ಊಟ ಮಾಡು."

"ಕೆಳಗಿನ ಹಲಗೆಗೂ ಹೊದಿಸಿದ್ಯಾ?"

"ಹೊದಿಸಿದೆ. ನನ್ನ ಸೊಂಟ ಬಿದ್ದೋಯ್ತು ನಿನ್ನ ದೋಣಿಗೆ ಸ್ನಾನ ಮಾಡಿಸಿ."

ದೋಣಿಯ ಮೈಗೆ ಗೋಣಿಚೀಲ ಹೊದಿಸಿ ನೀರು ಹಾಯಿಸುವುದು ಅವನ ಹಳೆಯ ಅಭ್ಯಾಸ. ಬಣ್ಣ ಕೆಡದಿರಲಿ ಎಂದೋ ಏನೋ, ಅವಳು ಕೇಳಿರಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೆ ನೀರಿನ ಕೊಳವೆ ಹಿಡಿದು ಅವಳೇ ಮಾಡಿದಳು. ರೋಗಿಯ ಮನಸ್ಸಿಗೆ ನೆಮ್ಮದಿ ಎಂದಷ್ಟೇ ತಿಳಿದಿದ್ದಳು.

ಕೊನೆಯ ವಾರದ ಒಂದು ಸಂಜೆ ಅವನು ಅವಳ ಒದ್ದೆ ತೋಳು ಹಿಡಿದುಕೊಂಡ. "ಒನೀಟಾ, ಒಂದಿನ ಹೋಗೋಣ ಅಂದ್ರೆ ಬರ್ತೀಯಾ ನನ್ನ ಜೊತೆ?"

"ಎಲ್ಲಿಗೆ?"

ಅವನು ಕಿಟಕಿಯ ಕಡೆ ಕಣ್ಣು ತಿರುಗಿಸಿದ. ಆ ಕಡೆಯಿಂದ ಅಳಿವೆಯ ಸದ್ದು ಬರುತ್ತಿತ್ತು.

"ಮೊದ್ಲು ದೋಣಿ ಮುಗಿಸು, ಆಮೇಲೆ ನೋಡೋಣ," ಎಂದಳು, ಎಂದಿನಂತೆ.

ಅವನು ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

*

"ನಾನೇ ನೆನೆಸ್ತಿದ್ದೆ," ಎಂದಳು ಒನೀಟಾ. "ಗೋಣಿ ಹೊದಿಸಿ. ಅವರು ಹೇಳ್ತಿದ್ರು, ನಾನು ಮಾಡ್ತಿದ್ದೆ. ಮೊದಲು ಅವರೇ ಮಾಡ್ತಿದ್ರು."

"ದಿನಾನಾ?"

"ದಿನಾ."

ಡೆನಾರ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾಳೆ ಬೆಳಿಗ್ಗೆ ಇಳಿಸ್ಬೇಕು ಅನ್ನೋರು ಹಾಗೆ ಮಾಡ್ತಾರೆ ಅತ್ತೆ. ಇಷ್ಟು ವರ್ಷ ದಿನಾ ಯಾರೂ ಮಾಡಲ್ಲ."

ಮೋಜೆಲ್ ಚಮಚ ಕೆಳಗಿಟ್ಟಳು. ಹಲಗೆ ಒಣಗಲು ಬಿಟ್ಟಿದ್ದರೆ, ದೋಣಿ ಇಳಿಸದಿರಲು ಆಲ್ಟನ್‌ಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಆ ಒಂದು ನೆಪವನ್ನು ಮಾತ್ರ ಅವನು ಎಂದೂ ಇಟ್ಟುಕೊಳ್ಳಲಿಲ್ಲ.

ಒನೀಟಾ ಅಳಿವೆಯ ಕಡೆ ನೋಡಿದಳು. ದಿಬ್ಬದ ಮೇಲೆ ಬಿಳಿ ನೊರೆ ಎದ್ದು ಬೀಳುತ್ತಿತ್ತು.

"ನಡಿ ಡೆನಾರ್ಡ್," ಎಂದಳು. "ನನ್ನ ಮನಸ್ಸು ಬದಲಾಗೋದ್ರೊಳಗೆ ಹಗ್ಗ ಬಿಚ್ಚು."

ಪಾದ್ರಿ ಅವಳಿಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ತೊಡಿಸಿದರು. ಅವಳು ತೇಗದ ತೋಳಿನ ದೊಡ್ಡ ಕುರ್ಚಿಯಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಊರಿನ ದೋಣಿಗಳೆಲ್ಲ ಸಾಲಾಗಿ ಹಿಂದೆ ಬಂದವು. ಹಿನ್ನೀರು ಮುಗಿದು, ದಾರಿ ತೋರಲು ತೇಲಿಬಿಟ್ಟ ಕೆಂಪು ಬುರುಡೆ ದಾಟಿದೊಡನೆ ದೋಣಿಯ ಮೂತಿ ಆಕಾಶಕ್ಕೆ ಎದ್ದಿತು. ಬಿತ್ತು. ಮತ್ತೆ ಎದ್ದಿತು. ಹಲಗೆಗಳು ಅವಳ ಕಾಲಡಿಯಲ್ಲಿ ನರಳಿದವು, ಆದರೆ ಬಿಡಲಿಲ್ಲ. ಉಪ್ಪುನೀರು ಮುಖಕ್ಕೆ ರಾಚಿತು. ಪ್ರಾರ್ಥನೆಯ ಮಾತು ಒಂದೂ ನೆನಪಾಗಲಿಲ್ಲ. ಸ್ವಾಮೀ, ಸ್ವಾಮೀ, ಎಂದಷ್ಟೇ ಅನ್ನುತ್ತಿದ್ದಳು. ಮಡಿಲಲ್ಲಿ ಪೆಟ್ಟಿಗೆ ನಡುಗುತ್ತಿತ್ತು.

ಎದುರಿಗೆ ದಿಬ್ಬದ ಮೇಲೆ ದೊಡ್ಡ ಅಲೆಯೊಂದು ಬೆನ್ನೆತ್ತುತ್ತಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ!" ಮೇಲೆ ಚುಕ್ಕಾಣಿ ಹಿಡಿದಿದ್ದ ಡೆನಾರ್ಡ್ ಕೂಗಿದ. ಹಿಂತಿರುಗಿ ನೋಡಿದವನೇ ಮತ್ತೆ ಅರಚಿದ. "ಅಯ್ಯೋ, ಜಾಕೆಟ್ ಯಾಕೆ ಬಿಚ್ತಿದೀರಾ? ಹಾಕ್ಕೊಳ್ಳಿ!"

ಒನೀಟಾಗೆ ಕೇಳಿಸಿದಂತೆ ಕಾಣಲಿಲ್ಲ. ಅವಳು ಜಾಕೆಟ್ಟನ್ನು ಪೆಟ್ಟಿಗೆಯ ಸುತ್ತ ಸುತ್ತಿ, ಪಟ್ಟಿ ಎಳೆದು ಕೊಂಡಿ ಹಾಕಿದಳು. ಆಮೇಲೆ ಬಿಗಿಯಾಯಿತೇ ಎಂದು ಪಟ್ಟಿಯೊಳಗೆ ಒಂದು ಬೆರಳು ತೂರಿಸಿ ನೋಡಿದಳು.